ಅಪ್‌ಡೇಟ್: ಎಂಜಿನ್ ಎರಡು ತೂತು ಮೇಲೆ, ಪಿಚ್ ಎರಡು ಇಂಚು ಕಡಿಮೆ

ಪ್ರಶ್ನೆ ಇದಾಗಿತ್ತು: 90 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗೆ ಕೂರಿಸುವ ಎಂಜಿನ್), 19 ಇಂಚು ಪಿಚ್‌ನ ಪ್ರೊಪೆಲರ್ (ಪಿಚ್ ಅಂದರೆ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ). ಪೂರ್ತಿ ಥ್ರಾಟಲ್ ಕೊಟ್ಟರೂ 4,900 ಆರ್‌ಪಿಎಂ, 53 ಕಿ.ಮೀ. ವೇಗ. ಕೈಪಿಡಿಯ ಮಿತಿ 5,000–6,000. ಎಂಜಿನ್ನಿನಲ್ಲೇ ದೋಷವೇ?

ಅಲ್ಲ. ಪ್ರೊಪೆಲರ್‌ನ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳಕ್ಕಿಂತ 35 ಮಿ.ಮೀ. ಕೆಳಗಿತ್ತು. ಅಷ್ಟು ಲೋಹ ನೀರಲ್ಲಿ ಸುಮ್ಮನೆ ಎಳೆದಾಡುತ್ತಿತ್ತು. ಎಂಜಿನ್ನನ್ನು ದೋಣಿಗೆ ಬಿಗಿಯುವ ಬ್ರಾಕೆಟ್‌ನ ಬೋಲ್ಟ್ ತೂತುಗಳ ಅಂತರ 19 ಮಿ.ಮೀ.; ಎರಡು ತೂತು ಎತ್ತಿದ ಮೇಲೆ ತಟ್ಟೆ ತಳಕ್ಕಿಂತ 3 ಮಿ.ಮೀ. ಮೇಲೆ ಬಂತು. ಜೊತೆಗೆ 17 ಪಿಚ್ ಹಾಕಿದ್ದಾಯಿತು. ಈಗ 5,500 ಆರ್‌ಪಿಎಂ, 55 ಕಿ.ಮೀ.

ಲೆಕ್ಕ: ಆರ್‌ಪಿಎಂ × ಪಿಚ್ ÷ ಗೇರ್ ಅನುಪಾತ (ಇಲ್ಲಿ 2.33) × 0.001524. ಈಗ ಸಿಗಬೇಕಾದದ್ದು ಗಂಟೆಗೆ 61 ಕಿ.ಮೀ., ಅಂದರೆ ಸ್ಲಿಪ್ (ಲೆಕ್ಕದ ವೇಗಕ್ಕಿಂತ ನಿಜ ವೇಗ ಕಡಿಮೆಯಾಗುವ ಪಾಲು) ಸುಮಾರು 10%. ಮೊದಲು 13% ಇತ್ತು. ವೇಗ ಎರಡೇ ಕಿ.ಮೀ. ಏರಿದ್ದು ನಿಜ, ಆದರೆ ಎಂಜಿನ್ ಏದುಸಿರು ಬಿಡುವುದು ನಿಂತಿದೆ. ಅದೇ ದೊಡ್ಡ ಲಾಭ.

ಮೂರನೇ ತೂತಿಗೂ ಏರಿಸಿ ನೋಡಿದ್ದಾಯಿತು. ನೇರ ಓಟದಲ್ಲಿ ಚೆನ್ನ. ಬಿಗಿ ತಿರುವಿನಲ್ಲಿ ಪ್ರೊಪೆಲರ್ ಮೇಲಿನಿಂದ ಗಾಳಿ ಎಳೆದುಕೊಂಡು ಆರ್‌ಪಿಎಂ ಜಿಗಿಯಿತು, ಹಿಡಿತ ತಪ್ಪಿತು. (ಇದನ್ನು ಎಲ್ಲರೂ ಕ್ಯಾವಿಟೇಶನ್ ಅನ್ನುತ್ತಾರೆ. ಅದು ಬೇರೆ: ಒತ್ತಡ ಕುಸಿದು ನೀರೇ ಆವಿಯಾಗುವುದು.) ಹಾಗಾಗಿ ಒಂದು ತೂತು ಕೆಳಗೆ.

ಎತ್ತುವವರು ಬೋಲ್ಟ್‌ಗಳಿಗೆ ಹೊಸ ಮೆರೈನ್ ಸೀಲಂಟ್ ಹಚ್ಚಿ, ಇಲ್ಲದಿದ್ದರೆ ಟ್ರಾನ್ಸಮ್ (ಎಂಜಿನ್ ಕೂರುವ ದೋಣಿಯ ಹಿಂಬದಿಯ ಹಲಗೆ) ಒಳಗೆ ನೀರು ಇಳಿಯುತ್ತದೆ. ಓಡಿಸುವಾಗ ಕೂಲಿಂಗ್ ನೀರಿನ ಒತ್ತಡ ನೋಡುತ್ತಿರಿ. ಪೂರ್ತಿ ಭಾರದ ಪರೀಕ್ಷೆ ಬಾಕಿ ಇದೆ.