2024ರ ಎಮ್‌ವಿಪಿ: ಜಾಶ್ ಅಲೆನ್‌ಗೆ ಸಲ್ಲಬೇಕಿತ್ತಾ, ಲಮಾರ್ ಜ್ಯಾಕ್ಸನ್‌ಗಾ?

ಗೋಣಿಕೊಪ್ಪ ಸೆಂಟರ್‌ಹಾಫ್:
ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2024ರ ಸೀಸನ್ನಿನ ಎಮ್‌ವಿಪಿ, ಅಂದರೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ, ಬಫಲೋ ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವವನು) ಅಲೆನ್‌ಗೆ ಹೋಯಿತು. ಅಂಕಿ ಎದುರಿಗಿಟ್ಟರೆ ಬಾಲ್ಟಿಮೋರ್ ರೇವನ್ಸ್‌ನ ಜ್ಯಾಕ್ಸನ್ನೇ ಮುಂದೆ. ಜ್ಯಾಕ್ಸನ್ ಎಸೆದದ್ದು 4172 ಯಾರ್ಡ್, 41 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್‌ಲೈನ್ ದಾಟಿಸಿದ್ದು), 4 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕಿದ್ದು). ಓಡಿದ್ದು 915 ಯಾರ್ಡ್. ಅಲೆನ್ ಎಸೆದದ್ದು 3731 ಯಾರ್ಡ್, 28 ಟಚ್‌ಡೌನ್, 6 ಇಂಟರ್‌ಸೆಪ್ಷನ್, ಓಡಿದ್ದು 531. ಇಲ್ಲಿ ನಮ್ಮ ಗುಂಪಿನವರು ಅಮೆರಿಕದ ಪತ್ರಕರ್ತರ ಕ್ರಮದಲ್ಲೇ ಚೀಟಿ ಹಾಕಿ ತೀರ್ಮಾನ ಮಾಡಬೇಕು ಅಂತ ಉಂಟು. ಎಸೆತದ ಗುಣ ಅಳೆಯುವ ಪಾಸರ್ ರೇಟಿಂಗ್ ಒಂದನ್ನೇ ನಂಬಬಹುದಾ? ಪಾಯಿಂಟ್ ಎಣಿಸುವ ಕ್ರಮ ಹೇಗೆ?

ಸೋಮವಾರಪೇಟೆ ಲೆಕ್ಕಿಗ:
ರೇಟಿಂಗನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ, ಅದರ ಬಲವೂ ಕುರುಡೂ ಎರಡೂ ತಿಳೀತದೆ. ಬೇಕಾದ್ದು ನಾಲ್ಕು ತುಂಡು. ಶೇಕಡಾ ಎಷ್ಟು ಪಾಸ್ ಕೈಸೇರಿತೋ ಅದರಲ್ಲಿ 30 ಕಳೆದು 0.05ರಿಂದ ಗುಣಿಸಿ. ಪ್ರತಿ ಎಸೆತಕ್ಕೆ ಬಂದ ಯಾರ್ಡಿನಲ್ಲಿ 3 ಕಳೆದು 0.25ರಿಂದ ಗುಣಿಸಿ. ಟಚ್‌ಡೌನಿನ ಶೇಕಡಾವನ್ನು 0.2ರಿಂದ ಗುಣಿಸಿ. ಕೊನೆಗೆ ಇಂಟರ್‌ಸೆಪ್ಷನ್ ಶೇಕಡಾವನ್ನು 0.25ರಿಂದ ಗುಣಿಸಿ 2.375ರಲ್ಲಿ ಕಳೆಯಿರಿ. ಯಾವ ತುಂಡೂ ಸೊನ್ನೆಗಿಂತ ಕೆಳಗೆ, 2.375ಕ್ಕಿಂತ ಮೇಲೆ ಹೋಗಬಾರದು. ಹೆಚ್ಚಿನವರು ಎಡವುವುದು ಇಲ್ಲೇ, ಈ ಮಿತಿ ಹಾಕೋದನ್ನು ಮರೀತಾರೆ. ನಾಲ್ಕನ್ನೂ ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ.

ಜ್ಯಾಕ್ಸನ್ 474 ಎಸೆತದಲ್ಲಿ 316 ಮುಟ್ಟಿಸಿದ್ದಾನೆ. ತುಂಡುಗಳು 1.833, 1.450, 1.730, 2.164, ರೇಟಿಂಗ್ 119.6. ಅಲೆನ್ 483ರಲ್ಲಿ 307, ರೇಟಿಂಗ್ 101.4. ಗರಿಷ್ಠ ಸಾಧ್ಯ 158.3. ಹದಿನೆಂಟು ಅಂಕದ ಅಂತರ ಸಣ್ಣದಲ್ಲ. ಆದರೆ ಈ ಸೂತ್ರದಲ್ಲಿ ಓಟಕ್ಕೆ ಜಾಗವೇ ಇಲ್ಲ. ಸ್ಯಾಕ್ (ಎಸೆಯುವ ಮೊದಲೇ ಎದುರಾಳಿ ಕೆಡವೋದು) ಇಲ್ಲ, ಕೈಜಾರಿದ ಚೆಂಡೂ ಇಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದುಕೊಂಡೇ ನಿಂತು ನೆಲಕ್ಕೆ ಬಿದ್ದರೆ ತಂಡಕ್ಕೆ ಏಳೆಂಟು ಯಾರ್ಡ್ ನಷ್ಟ. ಅವನ ರೇಟಿಂಗಿಗೆ ಒಂದು ಗೀರೂ ಬೀಳೋದಿಲ್ಲ.

ನಾಪೋಕ್ಲು ಬಿಲ್ಸ್:
ಅಲೆನ್ ಗೆದ್ದದ್ದು ಆ ಕುರುಡು ಜಾಗದಲ್ಲೇ. ಇಡೀ ಸೀಸನ್ನಿನಲ್ಲಿ ಅವನು ಸ್ಯಾಕ್ ಆದದ್ದು 14 ಸಲ, ಜ್ಯಾಕ್ಸನ್ 23. ಓಡಿ ಗಳಿಸಿದ ಟಚ್‌ಡೌನ್ ಅಲೆನ್‌ಗೆ 12, ಜ್ಯಾಕ್ಸನ್‌ಗೆ 4. ಏಪ್ರಿಲ್‌ನಲ್ಲಿ ಬಿಲ್ಸ್ ತಮ್ಮ ಮುಖ್ಯ ರಿಸೀವರ್ (ಎಸೆತ ಹಿಡಿಯುವವನು) ಸ್ಟೆಫಾನ್ ಡಿಗ್ಸ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟರು. ಉಳಿದವರಲ್ಲಿ ಹೆಚ್ಚು ಯಾರ್ಡ್ ಗಳಿಸಿದ ಖಲೀಲ್ ಶಕೀರ್‌ನದ್ದೇ 821. ಒಬ್ಬನೂ ಸಾವಿರ ಮುಟ್ಟದ ಕೈಗಳನ್ನಿಟ್ಟುಕೊಂಡು 13 ಪಂದ್ಯ ಗೆದ್ದದ್ದು. ನವೆಂಬರ್ 17ರಂದು, ಅಲ್ಲಿವರೆಗೆ ಸೋಲೇ ಕಾಣದ ಕಾನ್ಸಾಸ್ ಸಿಟಿಯ ಮೇಲೆ, ನಾಲ್ಕನೇ ಡೌನಿನಲ್ಲಿ, ಅಂದರೆ ಕೊನೆಯ ಯತ್ನದಲ್ಲಿ, ಎರಡು ಯಾರ್ಡ್ ಬೇಕಿದ್ದಾಗ 26 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ ಆ ಒಂದು ಆಟ ಸಾಕು.

ನಮ್ಮ ಕುಟುಂಬ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಹೊಡೆದವನ ಗೋಲನ್ನಷ್ಟೇ ಎಣಿಸಿ ಉತ್ತಮ ಆಟಗಾರನನ್ನು ಆರಿಸಿದರೆ, ಚೆಂಡನ್ನು ಸರಿಯಾಗಿ ನಿಲ್ಲಿಸಿಕೊಟ್ಟವನಿಗೆ, ಇಡೀ ಪಂದ್ಯ ನಡು ಮೈದಾನ ಕಾದವನಿಗೆ ಅನ್ಯಾಯ ಆಗ್ತದಲ್ಲ, ಇದೂ ಹಾಗೇ.

ವಿರಾಜಪೇಟೆ ನಂ. 8:
ಹೋಲಿಕೆ ಸರಿ, ಆದರೆ ಅಲೆನ್ ಒಂಟಿಯಾಗಿ ಹೊತ್ತ ಅನ್ನೋದನ್ನು ನಾನು ಒಪ್ಪೋದಿಲ್ಲ. ಜ್ಯಾಕ್ಸನ್ ಜತೆ ಚೆಂಡು ಹಿಡಿದು ಓಡುವ ಡೆರಿಕ್ ಹೆನ್ರಿ ಇದ್ದ, 1921 ಯಾರ್ಡ್, 16 ಓಟದ ಟಚ್‌ಡೌನ್. ಅಲೆನ್ ಜತೆ ಇದ್ದ ಜೇಮ್ಸ್ ಕುಕ್‌ನದ್ದೂ 16! ಸ್ಯಾಕ್ ಕಡಿಮೆ ಆದದ್ದರಲ್ಲಿ ಮುಂದೆ ನಿಂತು ತಡೆಯುವ ಐವರ ಪಾಲೂ ಉಂಟು. ಗೋಲ್‌ಲೈನಿನ ಹತ್ತಿರ ರೇವನ್ಸ್ ಚೆಂಡನ್ನು ಹೆನ್ರಿಗೆ ಕೊಡ್ತಾರೆ, ಹಾಗಾಗಿ ಜ್ಯಾಕ್ಸನ್ನನ ಓಟದ ಟಚ್‌ಡೌನ್ ಕಡಿಮೆ. ಅದು ಕೋಚ್ ತೀರ್ಮಾನ, ಆಟಗಾರನ ಕೊರತೆ ಅಲ್ಲ. ಒಂದೇ ಸೀಸನ್ನಿನಲ್ಲಿ 4000 ಯಾರ್ಡ್ ಎಸೆದು 900 ಯಾರ್ಡ್ ಓಡಿದವರು ಎನ್‌ಎಫ್‌ಎಲ್‌ನಲ್ಲಿ ಅವನಿಗಿಂತ ಮೊದಲು ಯಾರೂ ಇಲ್ಲ. ಸೆಪ್ಟೆಂಬರ್ 29ರ ಮುಖಾಮುಖಿಯಲ್ಲಿ ರೇವನ್ಸ್ 35-10.

ಇನ್ನೊಂದು ವಿಷಯ ನನಗೆ ನುಂಗಲಾಗದ್ದು. 2023ರಲ್ಲಿ ಅಲೆನ್‌ಗೆ ಎಸೆದೂ ಓಡಿಯೂ 44 ಟಚ್‌ಡೌನ್ ಇತ್ತು. ಆದರೂ 18 ಇಂಟರ್‌ಸೆಪ್ಷನ್ ನೋಡಿ ಪ್ರಶಸ್ತಿಯನ್ನು ಜ್ಯಾಕ್ಸನ್‌ಗೆ ಕೊಟ್ಟರು. ಆಗ ಅದು ಸರಿಯೇ. ಮರುವರ್ಷ ಜ್ಯಾಕ್ಸನ್ ಟಚ್‌ಡೌನಿನಲ್ಲೂ ಮುಂದೆ, ಇಂಟರ್‌ಸೆಪ್ಷನ್ನೂ ಕಡಿಮೆ. ಅಳತೆಗೋಲು ಬದಲಾಯಿತು. ಅದೇ ಮತದಾರರ ಬಳಗ ಆಲ್-ಪ್ರೋ (ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ) ಮೊದಲ ತಂಡಕ್ಕೆ ಜ್ಯಾಕ್ಸನ್‌ನನ್ನೇ ಆರಿಸಿದೆ. ಅಂದರೆ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಇವನು, ಅತ್ಯಮೂಲ್ಯ ಅವನು. 2019 ಮತ್ತು 2023ರಲ್ಲಿ ಎರಡು ಸಲ ಸಿಕ್ಕಿದ್ದೇ ಇವನಿಗೆ ಅಡ್ಡಿಯಾಯಿತು ಅಂತ ನನ್ನ ಅನಿಸಿಕೆ.

ಗೋಣಿಕೊಪ್ಪ ಸೆಂಟರ್‌ಹಾಫ್:
ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹೆಸರು ಯಾರೂ ಎತ್ತಲಿಲ್ಲ? 4918 ಯಾರ್ಡ್, 43 ಟಚ್‌ಡೌನ್, ಎರಡರಲ್ಲೂ ಆ ವರ್ಷ ಅವನದ್ದೇ ಹೆಚ್ಚು.

ಸೋಮವಾರಪೇಟೆ ಲೆಕ್ಕಿಗ:
ಸಿನ್ಸಿನಾಟಿ 9 ಗೆಲುವು, 8 ಸೋಲಿನಲ್ಲಿ ನಿಂತು ಪ್ಲೇಆಫ್ ಕಳೆದುಕೊಂಡಿತು. ಡಿಫೆನ್ಸ್ ಕೈಕೊಟ್ಟದ್ದು ಅವನ ತಪ್ಪಲ್ಲ, ಆದರೂ ಮತದಾರರು ತಂಡದ ಗೆಲುವನ್ನು ನೋಡಿಯೇ ನೋಡ್ತಾರೆ. ಮೂರನೇ ಹೆಸರಿಗೆ ನಾನಾದರೆ 2005 ಯಾರ್ಡ್ ಓಡಿದ ಸೇಕ್ವಾನ್ ಬಾರ್ಕ್ಲಿಯನ್ನು ಬರೀತೇನೆ. ಕ್ವಾರ್ಟರ್‌ಬ್ಯಾಕ್ ಅಲ್ಲದವರಿಗೆ ಈ ಪ್ರಶಸ್ತಿ ಆವರೆಗೆ ಕೊನೆಯ ಸಲ ಬಂದದ್ದು 2012ರಲ್ಲಿ, ಏಡ್ರಿಯನ್ ಪೀಟರ್ಸನ್‌ಗೆ.

ಎಣಿಕೆ ಹೀಗೆ: 50 ಮತದಾರರು, ಒಬ್ಬೊಬ್ಬರೂ ಐದು ಹೆಸರು ಬರೀಬೇಕು. ಮೊದಲನೆಯದಕ್ಕೆ 10, ಆಮೇಲೆ 5, 3, 2, 1. ಅಲೆನ್‌ಗೆ 27 ಮೊದಲ, 22 ಎರಡನೇ, 1 ಮೂರನೇ ಮತ: 270+110+3, ಒಟ್ಟು 383. ಜ್ಯಾಕ್ಸನ್‌ಗೆ 23 ಮೊದಲ, 26 ಎರಡನೇ, 1 ನಾಲ್ಕನೇ: 230+130+2, ಒಟ್ಟು 362. ಮೊದಲ ಸ್ಥಾನದ ಇಬ್ಬರು ಆಚೆಯಿಂದ ಈಚೆ ಬಂದಿದ್ದರೆ ಇಬ್ಬರಿಗೂ 25-25, ಪಾಯಿಂಟಿನಲ್ಲಿ ಅಲೆನ್ ಒಂದೇ ಒಂದು ಅಂಕ ಮುಂದೆ. ಅಷ್ಟು ಹತ್ತಿರದ್ದು. ಹಾಗಾಗಿ ನಿಮ್ಮ ಚೀಟಿಯಲ್ಲಿ ಎರಡನೇ ಹೆಸರನ್ನೂ ಯೋಚನೆ ಮಾಡಿಯೇ ಬರೀರಿ.

ಮತ ಬೀಳೋದು ಪ್ಲೇಆಫ್‌ಗೆ ಮೊದಲು. 2025 ಜನವರಿ 19ರಂದು ಬಿಲ್ಸ್ 27-25ರಲ್ಲಿ ರೇವನ್ಸನ್ನು ಮನೆಗೆ ಕಳಿಸಿದ್ದನ್ನು ಯಾರಾದರೂ ವಾದಕ್ಕೆ ತಂದರೆ ಒಪ್ಪಬೇಡಿ, ಆ ಪಂದ್ಯ ಲೆಕ್ಕಕ್ಕಿಲ್ಲ.