ಡಿಜೆ ಬೂತಿನಲ್ಲಿ ಕಿವಿ ಉಳಿಸಿಕೊಳ್ಳುವುದು ಹೇಗೆ? ತಿಳಿದವರು ಹೇಳಿ

ಪ್ರಶ್ನೆ: ವಾರಕ್ಕೆ ಎರಡು ರಾತ್ರಿ, ಸಲಕ್ಕೆ ನಾಲ್ಕು ಗಂಟೆ ಕ್ಲಬ್‌ನಲ್ಲಿ ಡಿಜೆ ಮಾಡುವವರು ಕಿವಿಗೆ ಏನು ಹಾಕಿಕೊಳ್ಳಬೇಕು? ಫೋಮ್ ಪ್ಲಗ್ ಹಾಕಿದರೆ ಹೈ-ಹ್ಯಾಟ್ (ಡ್ರಮ್ಮಿನ ಚಿಸ್-ಚಿಸ್ ತಾಳ) ಮಾಯ, ಮಿಕ್ಸ್ (ಒಂದು ಹಾಡಿಗೆ ಮುಂದಿನದನ್ನು ಬೆಸೆಯುವುದು) ಕೂಡಿತೋ ಇಲ್ಲವೋ ಗೊತ್ತಾಗುವುದಿಲ್ಲ. ತೆಗೆದರೆ ಮನೆಗೆ ಬಂದ ಮೇಲೂ ಕಿವಿ ಗುಂಯ್ ಅನ್ನುತ್ತದೆ. ಪ್ಲಗ್ ಯಾವುದು, ಬೂತ್ ಮಾನಿಟರ್ (ಡಿಜೆಗೆಂದೇ ಬೂತಿನಲ್ಲಿಡುವ ಸ್ಪೀಕರ್) ಎಷ್ಟು ಜೋರಿರಬೇಕು, ಹೆಡ್‌ಫೋನ್ ಹೇಗೆ ಬಳಸಬೇಕು? ದಯವಿಟ್ಟು ಅಳತೆ ಸಮೇತ ಹೇಳಿ.

ಸೌಂಡ್ ಎಂಜಿನಿಯರ್:
ಮೊದಲು ಲೆಕ್ಕ ನೋಡಿಬಿಡೋಣ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿಯ ಪ್ರಕಾರ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧವಾಗುತ್ತದೆ: 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಬರೀ 15 ನಿಮಿಷ. ಬೂತಿನಲ್ಲಿ 100 ಇದ್ದು ನಾಲ್ಕು ಗಂಟೆ ನಿಂತರೆ ದಿನದ ಪಾಲಿನ 16 ಪಟ್ಟು ಒಂದೇ ರಾತ್ರಿಯಲ್ಲಿ ಮುಗಿಸಿದ ಹಾಗೆ. ನಿಜವಾಗಿ 15 ಡೆಸಿಬಲ್ ತಡೆಯುವ ಪ್ಲಗ್ ಹಾಕಿದರೆ ಕಿವಿಗೆ ತಲುಪುವುದು 85, ಅಂದರೆ ಅರ್ಧ ಪಾಲು. ಹಾಗಾಗಿ ಕಿವಿ ಪೂರ್ತಿ ಮುಚ್ಚುವ ಪ್ಲಗ್ ಬೇಕಿಲ್ಲ, 15 ಸಾಕು. ಆದರೆ ಅದು ಇಡೀ ರಾತ್ರಿ ಕಿವಿಯಲ್ಲೇ ಇರಬೇಕು.

ಅಳೆಯುವಾಗ ಕ್ಷಣಕ್ಷಣಕ್ಕೂ ಕುಣಿಯುವ ಅಂಕಿ ಬಿಟ್ಟು 15 ನಿಮಿಷದ ಸರಾಸರಿ ನೋಡಿ. ಸೆಟ್ಟಿಂಗ್ ‘ಎ’ ವೇಯ್ಟಿಂಗ್ (ಕಿವಿ ಕೇಳುವ ರೀತಿಗೆ ಹೊಂದಿಸಿದ ಅಳತೆ) ಇರಲಿ, ಮೈಕ್ ನಿಮ್ಮ ಕಿವಿಯ ಹತ್ತಿರ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮನರಂಜನಾ ಸ್ಥಳಗಳಿಗೆ ಸೂಚಿಸಿದ ಗರಿಷ್ಠ 100 ಡೆಸಿಬಲ್ ಕೂಡ ಇದೇ 15 ನಿಮಿಷದ ಸರಾಸರಿ. ಫೋನ್ ಆಪ್ ಅನ್ನು ಅಂದಾಜಿಗಷ್ಟೇ ನಂಬಿ. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ತೀರಾ ಜೋರಾದರೆ ಅದು ಸೋತು ಕಡಿಮೆ ತೋರಿಸುವುದುಂಟು.

ಕ್ಲಬ್ ಡಿಜೆ:
ಎಲ್ಲರೂ ಪ್ಲಗ್ಗಿನಿಂದ ಶುರುಮಾಡುತ್ತಾರೆ, ರೋಗ ಇರುವುದು ಬೂತ್ ಮಾನಿಟರಿನಲ್ಲಿ. ಮಾನಿಟರ್ ಏರಿಸಿದರೆ ಅದನ್ನು ಮೀರಿಸಲು ಹೆಡ್‌ಫೋನ್ ಏರಿಸಬೇಕು. ಅಷ್ಟರಲ್ಲಿ ಕಿವಿ ದಣಿದಿರುತ್ತದೆ, ಮತ್ತೆ ಮಾನಿಟರ್ ಮಂಕಾಗಿ ಕೇಳುತ್ತದೆ, ಕೈ ಮತ್ತೆ ನಾಬ್‌ಗೆ ಹೋಗುತ್ತದೆ. ಮೂರನೇ ಗಂಟೆಯಲ್ಲಿ ‘ಸರಿಯಾಗಿದೆ’ ಅನ್ನಿಸುವ ಮಟ್ಟವನ್ನು ನಂಬಲೇಬೇಡಿ. ಕಿವಿ ತಾಜಾ ಇರುವಾಗ, ಸೆಟ್ ಶುರುವಾಗುವ ಮೊದಲೇ ಬೂತ್ ನಾಬ್ ಪಕ್ಕ ಟೇಪ್ ಚೂರು ಅಂಟಿಸಿ ಗುರುತು ಹಾಕಿ. ಆ ಗೆರೆ ದಾಟಬೇಡಿ.

ಮಾನಿಟರ್ ಬೇಡವೇ ಬೇಡ ಅನ್ನಲಾಗದು. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮುಖ್ಯ ಸ್ಪೀಕರ್ 10 ಮೀಟರ್ ದೂರವಿದ್ದರೆ 29 ಮಿಲಿಸೆಕೆಂಡ್ ತಡ. 128 ಬಿಪಿಎಂನಲ್ಲಿ (ನಿಮಿಷಕ್ಕೆ 128 ಬೀಟ್) ಒಂದು ಬೀಟ್ 469 ಮಿಲಿಸೆಕೆಂಡ್ ಇರುವಾಗ ಈ ತಡ ಸಾಕು, ಹೆಡ್‌ಫೋನಿನ ಕಿಕ್ಕೂ (ದೊಡ್ಡ ಡ್ರಮ್ಮಿನ ಪೆಟ್ಟು) ಹಾಲಿನ ಕಿಕ್ಕೂ ಕುದುರೆ ಓಟದಂತೆ ಜೋಡಿಜೋಡಿಯಾಗಿ ಕೇಳುತ್ತವೆ. ಅದಕ್ಕೇ ಹತ್ತಿರದ ಮಾನಿಟರ್ ಬೇಕು. ಅದನ್ನು ಕಿವಿಯ ಎತ್ತರದಲ್ಲಿ, ಒಂದರಿಂದ ಒಂದೂವರೆ ಮೀಟರ್ ದೂರದಲ್ಲಿ, ತಲೆಯ ಕಡೆಗೇ ತಿರುಗಿಸಿ ಇಡಿಸಿ. ನೆಲದ ಮೇಲಿಟ್ಟರೆ ಹೈ ಸದ್ದೆಲ್ಲ ಮೊಣಕಾಲಿಗೆ ಬಡಿದು ಕಿವಿಗೆ ಬರೀ ಗುಡುಗು ಬರುತ್ತದೆ, ನೀವು ಏರಿಸುತ್ತಲೇ ಹೋಗುತ್ತೀರಿ. ಮಾನಿಟರಿಗೆ ಪ್ರತ್ಯೇಕ ಈಕ್ಯೂ (ಬಾಸ್, ಹೈ ಸದ್ದುಗಳನ್ನು ಬೇರೆಬೇರೆಯಾಗಿ ಏರಿಳಿಸುವ ನಾಬ್) ಇದ್ದರೆ ಬಾಸ್ ತಗ್ಗಿಸಿ. ಜೋರು ಬಾಸ್ ತನಗಿಂತ ಮೇಲಿನ ಸ್ವರಗಳನ್ನು ನುಂಗುತ್ತದೆ. ಹೇಗೂ ಹಾಲಿನ ಬಾಸ್ ಬೂತಿಗೆ ತಾನಾಗಿಯೇ ಬಂದು ಸೇರುತ್ತದಲ್ಲ! ಮಿಕ್ಸ್ ನಡೆಯುವ ಒಂದೆರಡು ನಿಮಿಷ ಮಾತ್ರ ಟೇಪ್ ಗೆರೆಯವರೆಗೆ ಏರಿಸಿ, ಮುಗಿದ ಕೂಡಲೇ ಇಳಿಸಿಬಿಡಿ.

ಹೆಡ್‌ಫೋನ್ ಒಂದೇ ಕಿವಿಗೆ ಒತ್ತಿ ಹಿಡಿಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ತೆರೆದ ಕಿವಿಗೆ ಬೂತಿನ ಅಬ್ಬರ, ಮುಚ್ಚಿದ ಕಿವಿಗೆ ಅದನ್ನೂ ಮೀರಿಸುವ ಹೆಡ್‌ಫೋನ್. ಹಿಂಬದಿ ಪೂರ್ತಿ ಮುಚ್ಚಿರುವ ಹೆಡ್‌ಫೋನ್ ತೆಗೆದುಕೊಂಡು ಎರಡೂ ಕಿವಿಗೆ ಹಾಕಿ, ಮಿಕ್ಸರ್‌ನ ಸ್ಪ್ಲಿಟ್ ಕ್ಯೂ ಒತ್ತಿ. ಒಂದು ಕಡೆ ಮುಂದಿನ ಹಾಡು, ಇನ್ನೊಂದು ಕಡೆ ಮಾಸ್ಟರ್, ಅಂದರೆ ಹಾಲಿಗೆ ಹೋಗುತ್ತಿರುವ ಸದ್ದು. ಬೀಟ್ ಕೂಡಿಸಲು 8 ಬಾರ್ (ಬಾರಿಗೆ 4 ಬೀಟ್) ಸಾಕು, 128 ಬಿಪಿಎಂನಲ್ಲಿ ಅದು 15 ಸೆಕೆಂಡ್. ಕೂಡಿದ ಮೇಲೆ ಹೆಡ್‌ಫೋನ್ ನಾಬ್ ಇಳಿಸಿ. ಜ್ಯಾಕ್ ಚುಚ್ಚುವ ಮುಂಚೆ ನಾಬ್ ಸೊನ್ನೆಯಲ್ಲಿದೆಯೇ ನೋಡಿ. ಹಿಂದಿನವರು ಎಲ್ಲಿಗೆ ತಿರುಗಿಸಿ ಹೋಗಿರುತ್ತಾರೋ!

ಇನ್-ಇಯರ್ ಮಾನಿಟರ್ (ಕಿವಿನಾಳದೊಳಗೆ ಕೂರುವ ಇಯರ್‌ಫೋನ್) ಬಗ್ಗೆ ಒಂದೇ ಮಾತು: ಎರಡೂ ಕಿವಿಯಲ್ಲಿ ಇಟ್ಟುಕೊಳ್ಳುವುದಾದರೆ ಒಳ್ಳೆಯದು. ಜನರ ಗದ್ದಲ ಕೇಳಬೇಕೆಂದು ಒಂದನ್ನು ಕಿತ್ತಿಟ್ಟುಕೊಳ್ಳುವವರಿಗೆ ಅದು ಬೇಡ.

ಆಡಿಯಾಲಜಿಸ್ಟ್ (ಶ್ರವಣ ತಜ್ಞ):
ಫೋಮ್ ಹಾಕಿದಾಗ ಹೈ-ಹ್ಯಾಟ್ ಸಾಯುವುದಕ್ಕೆ ಎರಡು ಕಾರಣ. ಫೋಮ್ ಮೇಲಿನ ಸ್ವರಗಳನ್ನು ಕೆಳಗಿನವಕ್ಕಿಂತ ಹೆಚ್ಚು ತಡೆಯುತ್ತದೆ. ಜೊತೆಗೆ, ತೆರೆದ ಕಿವಿನಾಳ ಸುಮಾರು 2700 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಹಿಗ್ಗಿಸುತ್ತದೆ, ನಾಳ ಮುಚ್ಚಿದರೆ ಅದೂ ಹೋಯಿತು. ಸಂಗೀತಗಾರರ ಫಿಲ್ಟರ್ ಪ್ಲಗ್ ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ.

ಅಚ್ಚು ತೆಗೆದು ಮಾಡಿಸುವ ಪ್ಲಗ್ಗಿಗೆ ಸಾಮಾನ್ಯವಾಗಿ 9, 15, 25 ಡೆಸಿಬಲ್ ಫಿಲ್ಟರ್ ಸಿಗುತ್ತವೆ. ಬೂತಿಗೆ 15. ನೂರರ ಮುಂದೆ 9 ಸಾಲದು, 25 ಹಾಕಿದವರು ಕೊನೆಗೆ ತೆಗೆದಿಡುತ್ತಾರೆ. ಅಚ್ಚು ಕಿವಿನಾಳದ ಎರಡನೇ ತಿರುವು ದಾಟಿರಬೇಕು, ತೆಗೆಯುವಾಗ ಬಾಯಿ ತೆರೆದಿರಬೇಕು. ದವಡೆ ಅಲ್ಲಾಡಿದಾಗ ನಾಳದ ಆಕಾರ ಬದಲಾಗುತ್ತದೆ. ಬಾಯಿ ಮುಚ್ಚಿ ತೆಗೆದ ಅಚ್ಚಿನ ಪ್ಲಗ್ ಹಾಡಿದರೆ, ನಕ್ಕರೆ ಸಡಿಲವಾಗುತ್ತದೆ. ನಾಲ್ಕೈದು ವರ್ಷಕ್ಕೆ ಹೊಸ ಅಚ್ಚು ಬೇಕಾಗುತ್ತದೆ. ತೊಳೆಯುವಾಗ ಫಿಲ್ಟರ್ ಬಿಚ್ಚಿಡಿ, ನೀರು ಹೋದರೆ ಕೆಟ್ಟಿತು.

ಇನ್ನು ‘ಐದೇ ನಿಮಿಷ’ ತೆಗೆಯುವವರ ಲೆಕ್ಕ: ಗಂಟೆಗೆ 5 ನಿಮಿಷ ತೆಗೆದರೆ 15ರ ಪ್ಲಗ್ ಕೊಡುವುದು ಸರಾಸರಿ ಒಂಬತ್ತೂವರೆ ಡೆಸಿಬಲ್ ರಕ್ಷಣೆ. 30ರದ್ದು ತೆಗೆದರೂ ಸಿಗುವುದು ಸುಮಾರು 11.

ಸೌಂಡ್ ಎಂಜಿನಿಯರ್:
ಆದರೂ ಕುಣಿಯಲು ಬರುವವರಿಗೆ ಫೋಮ್ ಬೈಯಬೇಡಿ. ಸರಿಯಾಗಿ ಹಾಕಿದರೆ ಅದಕ್ಕಿಂತ ಹೆಚ್ಚು ತಡೆಯುವ ಪ್ಲಗ್ ಕಡಿಮೆ. ಒಣಗಿದ ಕೈಯಲ್ಲಿ ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ಬಹಳ ಇಳಿದರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಹತ್ತಿ, ಟಿಶ್ಯೂ ಯಾವ ಕೆಲಸಕ್ಕೂ ಬಾರದು.

ಆಡಿಯಾಲಜಿಸ್ಟ್:
ಗುಂಯ್ ಶಬ್ದ ಬೆಳಿಗ್ಗೆಗೆ ಹೋಯಿತೆಂದು ಹಾನಿ ಆಗಿಲ್ಲ ಅಂದುಕೊಳ್ಳಬೇಡಿ. ಇಲಿಗಳ ಮೇಲೆ ನಡೆದ 2009ರ ಸಂಶೋಧನೆಯಲ್ಲಿ, ಕೇಳುವ ಮಿತಿ ಮೊದಲಿನಂತಾದ ಮೇಲೂ ಕೂದಲ ಕೋಶಕ್ಕೂ (ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಕೋಶ) ನರಕ್ಕೂ ನಡುವಿನ ಸಂಪರ್ಕಗಳು ಕಡಿದೇ ಇದ್ದವು. ವರ್ಷಕ್ಕೊಮ್ಮೆ ಆಡಿಯೋಗ್ರಾಂ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ. 3000, 6000 ಹರ್ಟ್ಸ್ ಕೂಡ ಅಳೆಯಲು ಹೇಳಿ, ಸದ್ದಿನ ಪೆಟ್ಟು ಮೊದಲು ಕಾಣುವುದು 3000ರಿಂದ 6000ರ ನಡುವಿನ ತಗ್ಗಿನಲ್ಲಿ. ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರವಿರಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕಾಯಬೇಡಿ, ಅಂದೇ ಇಎನ್‌ಟಿ ವೈದ್ಯರನ್ನು ಕಾಣಿ. ಸ್ಟೆರಾಯ್ಡ್ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ಪ್ರಶ್ನೆ ಕೇಳಿದವರು:
ಪ್ಲಗ್ ಮೇಲೆ ಹೆಡ್‌ಫೋನ್ ಹಾಕಿ ನಾಬ್ ಏರಿಸಿದರೆ ಲಾಭವೇನು ಬಂತು?

ಕ್ಲಬ್ ಡಿಜೆ:
ಪ್ಲಗ್ ಬೂತಿನ ಸದ್ದನ್ನೂ ಹೆಡ್‌ಫೋನಿನ ಸದ್ದನ್ನೂ ಒಂದೇ 15 ಡೆಸಿಬಲ್ ಇಳಿಸುತ್ತದೆ, ಇವೆರಡರ ನಡುವಿನ ಅಂತರ ಮೊದಲಿನಷ್ಟೇ ಉಳಿಯುತ್ತದೆ. ಹಾಗಾಗಿ ನಾಬ್ ಬಹಳ ಏರಿಸುವ ಅಗತ್ಯವೇ ಬೀಳುವುದಿಲ್ಲ, ಮೊದಮೊದಲು ಮೆತ್ತಗೆ ಅನ್ನಿಸುತ್ತದೆ ಅಷ್ಟೆ. ಸದ್ದು ಒಡೆದಂತೆ ಕೇಳಿದರೆ ಹೆಡ್‌ಫೋನ್ ಆಂಪ್ಲಿಫೈಯರ್ ಸೋಲುತ್ತಿದೆ ಎಂದರ್ಥ. ಏರಿಸಬೇಡಿ, ಸೆನ್ಸಿಟಿವಿಟಿ ಹೆಚ್ಚಿರುವ, 32 ಓಮ್ ಆಸುಪಾಸಿನ ಹೆಡ್‌ಫೋನ್ ತನ್ನಿ. ಸೆಟ್ ಮುಗಿದಾಗ ಮೊದಲು ನಾಬ್ ಇಳಿಸಿ, ಆಮೇಲೆ ಹೆಡ್‌ಫೋನ್ ತೆಗೆಯಿರಿ. ಪ್ಲಗ್ ಮಾತ್ರ ಕ್ಲಬ್ಬಿನ ಬಾಗಿಲು ದಾಟುವವರೆಗೂ ಕಿವಿಯಲ್ಲೇ ಇರಲಿ.