ಹಳೇ ಲ್ಯಾಪ್‌ಟಾಪ್: ಸ್ಕ್ರೀನ್ ತಾನಾಗೇ ಮಂಕಾಗುತ್ತೆ, ಬ್ರೈಟ್‌ನೆಸ್ ಪಟ್ಟಿಯೇ ಕಾಣುತ್ತಿಲ್ಲ

ಕೈಬರಹ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2012ರ ಒಂದು ಲ್ಯಾಪ್‌ಟಾಪ್ ಇದೆ. ತಂದಾಗ ವಿಂಡೋಸ್ 7 ಇತ್ತು. ಹೋದ ತಿಂಗಳು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ 10 ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಸ್ಪೀಡ್ ತುಂಬಾ ಚೆನ್ನಾಗಿದೆ. ಸ್ಕ್ರೀನಿನದೇ ತಲೆನೋವು.

ಒಂದು, ಬ್ರೈಟ್‌ನೆಸ್ ಏರಿಸಿ ಇಳಿಸುವ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಇಲ್ಲ. ಎಫ್‌ಎನ್ ಕೀ ಜೊತೆ ಸೂರ್ಯನ ಚಿತ್ರ ಇರುವ ಕೀ ಒತ್ತಿದರೂ ಏನೂ ಆಗಲ್ಲ. ಎರಡು, ಟೈಪ್ ಮಾಡುತ್ತಿರುವಾಗಲೇ ಸ್ಕ್ರೀನ್ ಇದ್ದಕ್ಕಿದ್ದಂತೆ ಮಂಕಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಸರಿಹೋಗುತ್ತದೆ, ದಿನಕ್ಕೆ ಹತ್ತಿಪ್ಪತ್ತು ಸಲ ಹೀಗೇ. ಮೂರು, ಐದು ನಿಮಿಷ ಕೈ ಆಡಿಸದಿದ್ದರೆ ಸ್ಕ್ರೀನ್ ಆಫ್. ಚಾರ್ಜರ್ ಹಾಕಿಯೇ ಇಟ್ಟಿರುತ್ತೇನೆ, ಆದರೂ ಬ್ಯಾಟರಿ ಮೇಲೆ ಓಡುತ್ತಿರುವ ಹಾಗೆ ಆಡುತ್ತದೆ. ಎರಡು ಸಲ 30 ಪರ್ಸೆಂಟ್ ತೋರಿಸುತ್ತಿರುವಾಗಲೇ ಪಟ್ಟಂತ ಆಫ್ ಆಗಿಹೋಯಿತು.

ನಾನು ಅಪ್ಪ ಬರೆದಿಟ್ಟ ನೋಟ್‌ಬುಕ್‌ಗಳನ್ನು ಟೈಪ್ ಮಾಡುತ್ತಿದ್ದೇನೆ. ಸಣ್ಣ ಅಕ್ಷರ, ಪೆನ್ಸಿಲ್ ಬರಹ. ಒಂದು ಕಣ್ಣು ಪುಟದ ಮೇಲೆ, ಒಂದು ಕಣ್ಣು ಸ್ಕ್ರೀನಿನ ಮೇಲೆ ಇಟ್ಟುಕೊಂಡು ಕೂತಾಗ ಬೆಳಕು ಹೀಗೆ ಏರಿಳಿದರೆ ಕೆಲಸ ಸಾಗಲ್ಲ. ಹೊಸ ಲ್ಯಾಪ್‌ಟಾಪ್ ತಗೊಳ್ಳುವ ಯೋಚನೆ ಈಗಿಲ್ಲ. ಸ್ಕ್ರೀನೇ ಹೋಗುತ್ತಿದೆಯಾ, ಇಲ್ಲ ಸೆಟ್ಟಿಂಗ್ ಏನಾದರೂ ತಪ್ಪಿದೆಯಾ? ದಯವಿಟ್ಟು ಹೇಳಿ.

ತಿರುಪು:

ಎಲ್ಲಾ ಒಂದೇ ತೊಂದರೆ ಅಂದುಕೊಳ್ಳಬೇಡಿ. ನನಗೆ ಇದರಲ್ಲಿ ಎರಡು ಬೇರೆ ಬೇರೆ ತೊಂದರೆ ಕಾಣುತ್ತಿವೆ.

ಪಟ್ಟಿ ಕಾಣದಿರುವುದು ಹೆಚ್ಚುಕಡಿಮೆ ಗ್ಯಾರಂಟಿ ಡ್ರೈವರ್ (ಒಳಗಿನ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರ್) ವಿಷಯ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅದರಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಅನ್ನುವುದನ್ನು ಬಿಡಿಸಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ, ನಿಮ್ಮ ಗ್ರಾಫಿಕ್ಸ್ ಚಿಪ್‌ಗೆ ಸರಿಯಾದ ಡ್ರೈವರ್ ಬಂದಿಲ್ಲ ಅಂತ ಅರ್ಥ. ಆ ಬೇಸಿಕ್ ಡ್ರೈವರ್ ಚಿತ್ರ ಮೂಡಿಸುತ್ತದೆ ಅಷ್ಟೇ, ಸ್ಕ್ರೀನಿನ ಹಿಂಬದಿಯ ದೀಪದ ಬೆಳಕನ್ನು ಮುಟ್ಟುವುದಿಲ್ಲ. ಅಕ್ಷರಗಳು ಸ್ವಲ್ಪ ಅಗಲಕ್ಕೆ ಎಳೆದ ಹಾಗೆ ಕಾಣುತ್ತಿವೆಯಾ? ಹಾಗಿದ್ದರೆ ಇದೇ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ಗ್ರಾಫಿಕ್ಸ್ ಡ್ರೈವರ್ ಇಳಿಸಿಕೊಳ್ಳಿ. 2012ರ ಮಾಡೆಲ್ ಅಂದರೆ ವಿಂಡೋಸ್ 10ಕ್ಕೆ ಅಂತ ಪ್ರತ್ಯೇಕ ಫೈಲ್ ಇಲ್ಲದೆಯೂ ಇರಬಹುದು. 8.1ರದ್ದು ಎಷ್ಟೋ ಸಲ ನಡೆಯುತ್ತದೆ. ಮೊದಲು ವಿಂಡೋಸ್ ಅಪ್‌ಡೇಟ್‌ನ ಆಪ್ಷನಲ್ ಪಟ್ಟಿಯಲ್ಲೂ ಒಮ್ಮೆ ನೋಡಿ. ಗೊತ್ತಿಲ್ಲದ ಸೈಟುಗಳಲ್ಲಿ ಸಿಗುವ ಡ್ರೈವರ್ ಅಪ್‌ಡೇಟ್ ಸಾಫ್ಟ್‌ವೇರ್ ಮಾತ್ರ ಹಾಕಬೇಡಿ.

ಅದೇ ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ಸ್ ಅನ್ನುವುದನ್ನೂ ನೋಡಿ. ಜೆನೆರಿಕ್ ಪಿಎನ್‌ಪಿ ಮಾನಿಟರ್ ಮೇಲೆ ಕೆಳಮುಖದ ಸಣ್ಣ ಬಾಣ ಇದ್ದರೆ ಅದು ಡಿಸೇಬಲ್ ಆಗಿದೆ. ಎನೇಬಲ್ ಮಾಡಿ. ಇಷ್ಟಕ್ಕೇ ಪಟ್ಟಿ ವಾಪಸ್ ಬಂದದ್ದನ್ನು ನಾನೇ ನೋಡಿದ್ದೇನೆ.

ಮಂಕಾಗುವುದರ ಬಗ್ಗೆ ಈಗಲೇ ಏನೂ ಹೇಳಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2 ಅಥವಾ ನಿಮ್ಮ ಮಾಡೆಲ್‌ಗೆ ಇರುವ ಕೀ ಒತ್ತಿ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ, ಲ್ಯಾಪ್‌ಟಾಪಿನದೇ ಸೆಟ್ಟಿಂಗ್ಸ್ ಪುಟ) ಹೋಗಿ, ಏನೂ ಬದಲಾಯಿಸದೆ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಅಲ್ಲಿ ವಿಂಡೋಸ್ ಇಲ್ಲ, ಡ್ರೈವರ್ ಇಲ್ಲ, ಪವರ್ ಪ್ಲಾನ್ ಇಲ್ಲ. ಅಲ್ಲೂ ಮಂಕಾದರೆ ಸೆಟ್ಟಿಂಗ್ಸ್ ಹುಡುಕಿಕೊಂಡು ಕೂರುವ ಅಗತ್ಯವೇ ಇಲ್ಲ. ಎಫ್‌ಎನ್ ಬ್ರೈಟ್‌ನೆಸ್ ಕೀಗಳನ್ನೂ ಅಲ್ಲೇ ಒತ್ತಿ ನೋಡಿ.

ಸಂಜೆಬೆಳಕು:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ನನಗೂ ಇಂಥದ್ದೇ ತೊಂದರೆ. ಆದರೆ ನನ್ನದರಲ್ಲಿ ಬ್ಯಾಟರಿ ಮೇಲಿದ್ದಾಗ ಮಾತ್ರ. ಬಿಳಿ ಪೇಜ್ ತೆರೆದಾಗ ಒಂದು ಬೆಳಕು, ಕಪ್ಪು ಬಣ್ಣದ ವಿಡಿಯೋ ತೆರೆದಾಗ ಇನ್ನೊಂದು. ನಿಧಾನಕ್ಕೆ, ಉಸಿರಾಡಿದ ಹಾಗೆ ಬದಲಾಗುತ್ತದೆ. ಅಡಾಪ್ಟಿವ್ ಬ್ರೈಟ್‌ನೆಸ್ ಆಗಲೇ ಆಫ್ ಮಾಡಿದ್ದೇನೆ, ಪ್ರಯೋಜನ ಇಲ್ಲ.

ತಿರುಪು:

ಸಂಜೆಬೆಳಕು ಅವರೇ, ನಿಮ್ಮದು ಬೇರೆ. ಅದು ಕೆಟ್ಟಿಲ್ಲ, ಹಾಗೆ ಕೆಲಸ ಮಾಡಲೆಂದೇ ಇಟ್ಟಿರುವುದು. ಸ್ಕ್ರೀನಿನಲ್ಲಿ ಏನಿದೆ ಅಂತ ನೋಡಿಕೊಂಡು ಬ್ಯಾಟರಿ ಉಳಿಸಲು ಹಿಂದಿನ ಬೆಳಕನ್ನು ಇಳಿಸುತ್ತದೆ. ವಿಂಡೋಸ್‌ನ ಅಡಾಪ್ಟಿವ್ ಬ್ರೈಟ್‌ನೆಸ್ ಕೋಣೆಯ ಬೆಳಕನ್ನು ಸೆನ್ಸರ್‌ನಿಂದ ಅಳೆಯುತ್ತದೆ. ಇದು ಹಾಗಲ್ಲ, ಇರುವುದು ಗ್ರಾಫಿಕ್ಸ್ ಡ್ರೈವರ್ ಒಳಗೆ. ಇಂಟೆಲ್ ಗ್ರಾಫಿಕ್ಸ್ ಆದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್, ಆನ್ ಬ್ಯಾಟರಿ ಅಂತ ಹೋಗಿ ಡಿಸ್‌ಪ್ಲೇ ಪವರ್ ಸೇವಿಂಗ್ ಟೆಕ್ನಾಲಜಿ ಆಫ್ ಮಾಡಿ. ಎಎಮ್‌ಡಿ ಆದರೆ ಅದೇ ಕೆಲಸ ಮಾಡುವುದರ ಹೆಸರು ವ್ಯಾರಿ ಬ್ರೈಟ್. ಬ್ಯಾಟರಿ ಒಂಚೂರು ಬೇಗ ಖಾಲಿಯಾಗುತ್ತದೆ, ಕಣ್ಣಿಗೆ ಆರಾಮ.

ಕೈಬರಹ:

ತಿರುಪು ಅವರೇ, ನೀವು ಹೇಳಿದ ಹಾಗೇ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಲೇ ಇತ್ತು! ಅಕ್ಷರ ಅಗಲವಾಗಿ ಕಾಣುತ್ತಿದ್ದದ್ದೂ ನಿಜ, ವಿಂಡೋಸ್ 10ರಲ್ಲಿ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಕಂಪನಿ ಸೈಟಿನಲ್ಲಿ 8.1ರ ಡ್ರೈವರ್ ಸಿಕ್ಕಿತು. ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಪಟ್ಟಿ ಬಂತು, ಎಫ್‌ಎನ್ ಕೀಗಳೂ ಕೆಲಸ ಮಾಡುತ್ತಿವೆ. ತುಂಬಾ ಥ್ಯಾಂಕ್ಸ್.

ಆದರೆ ಮಂಕಾಗುವುದು ನಿಂತಿಲ್ಲ. ಬಯಾಸ್‌ನಲ್ಲಿ ಹದಿನೈದು ನಿಮಿಷ ಬಿಟ್ಟೆ, ಏನೂ ಆಗಲಿಲ್ಲ. ಸರಿ, ವಿಂಡೋಸ್‌ದೇ ತೊಂದರೆ ಅಂದುಕೊಂಡು ಎದ್ದೆ. ನೋಟ್‌ಬುಕ್ ಇಡಲು ಜಾಗ ಬೇಕಾಗಿತ್ತು, ಲ್ಯಾಪ್‌ಟಾಪನ್ನು ಟೇಬಲ್ ಮೇಲೆ ಸ್ವಲ್ಪ ಎಡಕ್ಕೆ ಜರುಗಿಸಿದೆ. ಆ ಕ್ಷಣಕ್ಕೇ ಬಯಾಸ್ ಸ್ಕ್ರೀನ್ ಮಂಕಾಯಿತು. ಹಾಗಾದರೆ ಸ್ಕ್ರೀನಿನ ಒಳಗಿನ ವೈರ್ ಸಡಿಲ ಆಗಿದೆಯಾ? ಸ್ಕ್ರೀನ್ ಬದಲಾಯಿಸಬೇಕಾ?

ಕಿಟಕಿಪಕ್ಕ:

ನಾನು ಲ್ಯಾಪ್‌ಟಾಪ್ ರಿಪೇರಿ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಸ್ಕ್ರೀನ್ ಬದಲಾಯಿಸಬೇಡಿ, ತಡೆಯಿರಿ.

ಸ್ಕ್ರೀನ್ ಕೇಬಲ್ ಹಿಂಜ್ (ಮುಚ್ಚಳ ಮಡಚುವ ಜಾಗದ ಕೀಲು) ಒಳಗಿಂದ ಹಾದುಹೋಗುತ್ತದೆ. ಅದು ಸವೆದಿದ್ದರೆ ಮುಚ್ಚಳವನ್ನು ಮುಂದೆ ಹಿಂದೆ ಬಾಗಿಸಿದಾಗ ಬೆಳಕು ಮಿಣುಕುತ್ತದೆ, ಗೆರೆ ಬರುತ್ತದೆ, ಪೂರ್ತಿ ಕಪ್ಪಾಗುತ್ತದೆ. ಅಳತೆ ಇಟ್ಟ ಹಾಗೆ ಪ್ರತಿ ಸಲ ಅಷ್ಟೇ ಮಂಕಾಗಿ ಅಷ್ಟೇ ವಾಪಸ್ ಬರುವುದು ಕೇಬಲ್ ಲಕ್ಷಣ ಅಲ್ಲ. ಇನ್ನೂ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ, ಅಂದರೆ 2009, 2010ಕ್ಕಿಂತ ಹಿಂದಿನ ಬಹಳಷ್ಟರಲ್ಲಿ, ಎಲ್‌ಇಡಿ ಬದಲು ಸಣ್ಣ ಟ್ಯೂಬ್‌ಲೈಟ್ ಥರದ ದೀಪ ಮತ್ತು ಅದಕ್ಕೆ ಕರೆಂಟ್ ಕೊಡುವ ಇನ್ವರ್ಟರ್ ಬೋರ್ಡ್ ಇರುತ್ತಿತ್ತು. ಅದು ಹೋದರೆ ಸ್ಕ್ರೀನ್ ಕಪ್ಪು, ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಒಳಗೆ ಮಸುಕಾಗಿ ಚಿತ್ರ ಕಾಣುತ್ತದೆ. ದೀಪಕ್ಕೆ ವಯಸ್ಸಾದರೆ ಆನ್ ಮಾಡಿದಾಗ ಕೆಂಪು ಛಾಯೆ. ನಿಮ್ಮದು ಇದಾವುದೂ ಅಲ್ಲ. (ಆ ಇನ್ವರ್ಟರ್ ಬೋರ್ಡಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಇದನ್ನು ಓದುವ ಯಾರಾದರೂ ಬಿಚ್ಚಲು ಹೊರಟಿದ್ದರೆ ಮುಟ್ಟಬೇಡಿ.)

ನೀವು ಜರುಗಿಸಿದ್ದು ಲ್ಯಾಪ್‌ಟಾಪನ್ನು, ಮುಚ್ಚಳವನ್ನಲ್ಲ. ಜರುಗಿಸಿದಾಗ ಎಳೆತ ಬೀಳುವುದು ಎಲ್ಲಿಗೆ? ಚಾರ್ಜರ್ ಪಿನ್ನಿಗೆ. ಈಗ ಮತ್ತೆ ಆನ್ ಮಾಡಿ, ಸ್ಕ್ರೀನ್ ನೋಡಬೇಡಿ, ಚಾರ್ಜಿಂಗ್ ಲೈಟ್ ನೋಡುತ್ತಾ ಪಿನ್ ಹತ್ತಿರ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಸ್ಕ್ರೀನ್ ಮಂಕಾದ ಕ್ಷಣದಲ್ಲೇ ಲೈಟೂ ಹೋದರೆ ಉತ್ತರ ಸಿಕ್ಕ ಹಾಗೆ. ಆಮೇಲೆ ಚಾರ್ಜರ್ ಪೂರ್ತಿ ತೆಗೆದು, ಬರೀ ಬ್ಯಾಟರಿಯಲ್ಲಿ ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತು ಓಡಿಸಿ. ಆಗ ಬೆಳಕು ಏರಿಳಿಯದೆ ಒಂದೇ ಸಮ ಇರಬೇಕು. ಬ್ಯಾಟರಿ ತೆಗೆದು ಬರೀ ಚಾರ್ಜರ್ ಮೇಲೆ ಓಡಿಸುವ ಪರೀಕ್ಷೆ ಮಾತ್ರ ಮಾಡಬೇಡಿ. ಕನೆಕ್ಷನ್ ತಪ್ಪಿದರೆ ಲ್ಯಾಪ್‌ಟಾಪ್ ತಟ್ಟನೆ ಆಫ್ ಆಗುತ್ತದೆ, ಟೈಪ್ ಮಾಡಿದ್ದು ಹೋಗುತ್ತದೆ.

ಬಯಾಸ್‌ನಲ್ಲೇ ಇನ್ನೊಂದು ಕಡೆ ಕಣ್ಣಾಡಿಸಿ. ಕೆಲವು ಮಾಡೆಲ್‌ಗಳಲ್ಲಿ ಎಲ್‌ಸಿಡಿ ಬ್ರೈಟ್‌ನೆಸ್ ಅಂತ ಎರಡು ಪಟ್ಟಿ ಇರುತ್ತವೆ, ಬ್ಯಾಟರಿಗೆ ಒಂದು, ಚಾರ್ಜರ್‌ಗೆ ಒಂದು. ವಿಂಡೋಸ್ 10ರ 1903 ವರ್ಷನ್‌ನಿಂದ ಈಚೆಗೆ ಚಾರ್ಜರ್ ಹಾಕಿದರೂ ತೆಗೆದರೂ ಬ್ರೈಟ್‌ನೆಸ್ ತಾನಾಗಿ ಬದಲಾಗದ ಹಾಗೆ ಮಾಡಿದ್ದಾರೆ. ಅದಕ್ಕೇ ನನಗೆ ಬಯಾಸ್ ಮೇಲೆ ಅನುಮಾನ.

ಕೈಬರಹ:

ಲೈಟ್ ಹೋಗುತ್ತದೆ!! ಸ್ಕ್ರೀನ್ ಮಂಕಾಗುವುದಕ್ಕೂ ಲೈಟ್ ಆರುವುದಕ್ಕೂ ಒಂದು ಕ್ಷಣವೂ ವ್ಯತ್ಯಾಸ ಇಲ್ಲ. ಇಷ್ಟು ದಿನ ಸ್ಕ್ರೀನನ್ನೇ ದಿಟ್ಟಿಸುತ್ತಿದ್ದೆ, ಆ ಪಕ್ಕದ ಸಣ್ಣ ಲೈಟಿನ ಕಡೆ ನೋಡಿಯೇ ಇರಲಿಲ್ಲ. ಬಯಾಸ್‌ನಲ್ಲಿ ಎರಡು ಪಟ್ಟಿಗಳೂ ಇವೆ, ಬ್ಯಾಟರಿಯದು ಅರ್ಧಕ್ಕಿಂತ ಕೆಳಗೆ, ಚಾರ್ಜರಿನದು ಕೊನೆಯವರೆಗೆ. ಬ್ಯಾಟರಿಯಲ್ಲಿ ಮಾತ್ರ ಓಡಿಸಿದಾಗ ನಲವತ್ತು ನಿಮಿಷ ಒಂದೇ ಬೆಳಕು, ಒಂದು ಸಲವೂ ಅಲ್ಲಾಡಲಿಲ್ಲ. ಅಷ್ಟಾದ ಮೇಲೆ 28 ಪರ್ಸೆಂಟ್ ಇರುವಾಗಲೇ ಆಫ್ ಆಯಿತು.

ಇನ್ನು ತೊಂದರೆ ಇರುವುದು ಚಾರ್ಜರಿನಲ್ಲಾ, ಲ್ಯಾಪ್‌ಟಾಪಿನ ತೂತಿನಲ್ಲಾ? ಹೇಗೆ ಗೊತ್ತಾಗುತ್ತದೆ? ಮತ್ತೆ ಈ ಬ್ಯಾಟರಿ ಕಥೆ ಏನು?

ಕಿಟಕಿಪಕ್ಕ:

ಒಳ್ಳೆಯದಾಯಿತು, ನಿಮ್ಮ ಸ್ಕ್ರೀನಿಗೆ ಏನೂ ಆಗಿಲ್ಲ. ಐದು ನಿಮಿಷಕ್ಕೆ ಆಫ್ ಆಗುವುದೂ ಇದರಿಂದಲೇ. ವಿಂಡೋಸ್ 10ರ ಬ್ಯಾಲೆನ್ಸ್ಡ್ ಅನ್ನುವ ಪವರ್ ಪ್ಲಾನ್‌ನಲ್ಲಿ, ಸ್ಕ್ರೀನ್ ಆಫ್ ಆಗಲು ಮೊದಲೇ ಇರುವ ಲೆಕ್ಕ ಬ್ಯಾಟರಿಯಲ್ಲಿ 5 ನಿಮಿಷ, ಚಾರ್ಜರಿನಲ್ಲಿ 10 ನಿಮಿಷ. ನೀವು ಚಾರ್ಜರ್ ಹಾಕಿದ್ದೀರಿ ಅಂದುಕೊಂಡಿರುತ್ತೀರಿ, ಲ್ಯಾಪ್‌ಟಾಪಿಗೆ ಕರೆಂಟ್ ಬರುತ್ತಿರುವುದಿಲ್ಲ.

ಪಿನ್ ತೂತಿನಲ್ಲಿ ಸಡಿಲವಾಗಿ ಮೇಲೆ ಕೆಳಗೆ ಆಡುತ್ತಿದ್ದರೆ ಜ್ಯಾಕ್, ಅಂದರೆ ಲ್ಯಾಪ್‌ಟಾಪಿನ ಆ ತೂತಿನ ಮೇಲೇ ಅನುಮಾನ. ಪಿನ್ನನ್ನು ಅಲ್ಲಾಡದ ಹಾಗೆ ಹಿಡಿದುಕೊಂಡು, ಒಂದು ಗೇಣು ಹಿಂದಿನ ವೈರ್ ಮಾತ್ರ ಬಗ್ಗಿಸಿದಾಗಲೂ ಲೈಟ್ ಹೋದರೆ ಚಾರ್ಜರ್ ವೈರೇ ಒಳಗೆ ತುಂಡಾಗಿದೆ. ಬೆರಳಿನಿಂದ ಸವರಿ ನೋಡಿ, ಪಿನ್ನಿನ ಹಿಂದೆ ರಬ್ಬರ್ ಮುಗಿಯುವ ಜಾಗದಲ್ಲಿ ವೈರ್ ಮೆತ್ತಗಾಗಿರುತ್ತದೆ ಅಥವಾ ಸಣ್ಣ ಗಂಟು ಸಿಗುತ್ತದೆ. ಗೊತ್ತಿರುವವರ ಹತ್ತಿರ ಅದೇ ಥರದ ಚಾರ್ಜರ್ ಇದ್ದರೆ ಒಂದು ಗಂಟೆಗೆ ತಂದು ಹಾಕಿ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಪಿನ್ ಅದೇ ಇರಬೇಕು, ಆಂಪ್ಸ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಉದಾಹರಣೆಗೆ 19.5 ವೋಲ್ಟ್, 3.34 ಆಂಪ್ಸ್ ಅಂತ ಇದ್ದರೆ 65 ವ್ಯಾಟ್, ಅದೇ ವೋಲ್ಟಿನ 90 ವ್ಯಾಟ್ ಚಾರ್ಜರೂ ನಡೆಯುತ್ತದೆ. ಕೆಲವು ಕಂಪನಿಗಳ ಪಿನ್ ನಡುವೆ ಒಂದು ಸೂಜಿಯಂಥ ತಂತಿ ಇರುತ್ತದೆ, ಚಾರ್ಜರ್ ತಮ್ಮದೇನಾ ಅಂತ ಲ್ಯಾಪ್‌ಟಾಪ್ ಗುರುತಿಸುವುದು ಅದರಿಂದ. ಅದು ಬಗ್ಗಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗಲ್ಲ. ಟೇಪ್ ಸುತ್ತಿ ಕಾಲ ತಳ್ಳಬೇಡಿ. ಪಿನ್ ಬಿಸಿಯಾಗುತ್ತಿದ್ದರೆ ಇವತ್ತೇ ಬಳಸುವುದನ್ನು ನಿಲ್ಲಿಸಿ.

ಬ್ಯಾಟರಿಗೆ: ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಒಂದು ಫೈಲ್ ಎಲ್ಲಿದೆ ಅಂತ ತೋರಿಸುತ್ತದೆ, ಬ್ರೌಸರಿನಲ್ಲಿ ತೆರೆಯಿರಿ. ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯಬೇಕಾದದ್ದು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವುದು) ಎರಡನ್ನೂ ಇಲ್ಲಿ ಹಾಕಿ.

ಪೆಂಗ್ವಿನ್‌ಪುಕ್ಕ:

ಈ ಥ್ರೆಡ್ ಓದುತ್ತಿರುವ ಲಿನಕ್ಸ್ ಬಳಸುವವರಿಗೆ ಒಂದು ಮಾತು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಳೇ ಲ್ಯಾಪ್‌ಟಾಪ್ ಇರುವ ಬಹಳ ಜನ ಈ ಕಡೆ ಬರುತ್ತಿದ್ದಾರೆ. ಇಲ್ಲಿ ಪಟ್ಟಿ ಕಾಣುತ್ತದೆ, ಎಳೆದರೆ ಬೆಳಕು ಮಾತ್ರ ಬದಲಾಗಲ್ಲ, ಇಂಥ ತೊಂದರೆ ಜಾಸ್ತಿ. ಗ್ರಬ್ (ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ) ಫೈಲಿನಲ್ಲಿ ಕರ್ನಲ್ ಸಾಲಿಗೆ ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್ ಅಂತ ಇಂಗ್ಲಿಷಿನಲ್ಲಿ ಸೇರಿಸಿ, ಗ್ರಬ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಆಗದಿದ್ದರೆ ನೇಟಿವ್ ಬದಲು ವೆಂಡರ್, ಅದೂ ಆಗದಿದ್ದರೆ ವಿಡಿಯೋ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ಕೈಬರಹ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಗಂಟು ಸಿಕ್ಕಿತು. ಕಿಟಕಿಪಕ್ಕ ಅವರು ಹೇಳಿದ ಜಾಗದಲ್ಲೇ, ರಬ್ಬರ್ ಮುಗಿಯುವಲ್ಲಿ, ಹೊರಗೆ ನೋಡಿದರೆ ಏನೂ ಕಾಣಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಸ್ನೇಹಿತರ ಚಾರ್ಜರ್ ತಂದು ಹಾಕಿದೆ, ಲ್ಯಾಪ್‌ಟಾಪನ್ನು ಬೇಕಂತಲೇ ಟೇಬಲ್ ತುಂಬಾ ಜರುಗಿಸಿದೆ, ಲೈಟ್ ಒಮ್ಮೆಯೂ ಆರಲಿಲ್ಲ. ಹೊಸ ಚಾರ್ಜರ್ ತಗೊಂಡೆ. ಬಯಾಸ್‌ನಲ್ಲಿ ಬ್ಯಾಟರಿಯ ಪಟ್ಟಿಯನ್ನೂ ಸ್ವಲ್ಪ ಮೇಲೆತ್ತಿದ್ದೇನೆ.

ಬ್ಯಾಟರಿ ರಿಪೋರ್ಟ್: ಡಿಸೈನ್ 47,520 ಮಿಲಿವ್ಯಾಟ್ ಅವರ್, ಫುಲ್ ಚಾರ್ಜ್ 17,860.

ಕಿಟಕಿಪಕ್ಕ:

ಅರ್ಧಕ್ಕಿಂತ ಕಡಿಮೆ ಉಳಿದಿದೆ. ಇಷ್ಟು ಸವೆದ ಬ್ಯಾಟರಿ ಪರ್ಸೆಂಟ್ ಲೆಕ್ಕ ಸರಿಯಾಗಿ ಕೊಡಲ್ಲ. ಕೆಲಸ ಜಾಸ್ತಿಯಾದ ಕ್ಷಣ ಅದರ ವೋಲ್ಟ್ ಕುಸಿಯುತ್ತದೆ, ಅದಕ್ಕೇ 30ರಲ್ಲಿ ಇರುವಾಗಲೇ ಆಫ್. ಯಾವ ಸೆಟ್ಟಿಂಗೂ ಇದನ್ನು ಸರಿಮಾಡಲ್ಲ. ಚಾರ್ಜರ್ ಮೇಲೇ ಬಳಸುವುದಾದರೆ ಸದ್ಯಕ್ಕೆ ನಡೆಯುತ್ತದೆ, ಕರೆಂಟ್ ಹೋದಾಗ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಟಚ್‌ಪ್ಯಾಡ್ ಅಥವಾ ಕೀಬೋರ್ಡ್ ಮೇಲಕ್ಕೆ ಉಬ್ಬಿದ ಹಾಗೆ ಕಂಡರೆ, ಲ್ಯಾಪ್‌ಟಾಪ್ ಟೇಬಲ್ ಮೇಲೆ ಸಮವಾಗಿ ಕೂರದಿದ್ದರೆ, ಬ್ಯಾಟರಿ ಊದಿದೆ ಅಂತ. ಆಗ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಬೇಡಿ, ತೆಗೆಸಿಬಿಡಿ.

ನೋಟ್‌ಬುಕ್ ಟೈಪಿಂಗ್‌ಗೆ ಆಟೋ ಸೇವ್ ಆನ್ ಮಾಡಿದ್ದೀರಾ?

ಕೈಬರಹ:

ಮಾಡಿದ್ದೇನೆ, ಎರಡು ನಿಮಿಷಕ್ಕೊಮ್ಮೆ. ಪೆನ್ ಡ್ರೈವ್‌ನಲ್ಲೂ ಒಂದು ಕಾಪಿ ಇದೆ. ನಿನ್ನೆ ರಾತ್ರಿ ಒಂದೇ ಕೂತಲ್ಲಿ ಹನ್ನೊಂದು ಪುಟ ಮುಗಿಸಿದೆ, ಬೆಳಕು ಒಂಚೂರೂ ಅಲ್ಲಾಡಲಿಲ್ಲ. ಮೂರನೇ ನೋಟ್‌ಬುಕ್ ಶುರು ಮಾಡಿದ್ದೇನೆ. ನಿಮ್ಮೆಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಸಂಜೆಬೆಳಕು:

ನನ್ನದೂ ಸರಿಹೋಯಿತು. ವ್ಯಾರಿ ಬ್ರೈಟ್ ಅಂತಲೇ ಇತ್ತು, ಆಫ್ ಮಾಡಿದೆ. ಮತ್ತೆ ಡ್ರೈವರ್ ಅಪ್‌ಡೇಟ್ ಆದರೆ ತಾನಾಗಿ ಆನ್ ಆಗಬಹುದಾ?

ತಿರುಪು:

ಆಗಬಹುದು. ಡ್ರೈವರ್ ಹೊಸದಾಗಿ ಕೂತಾಗ ಅದರ ಸೆಟ್ಟಿಂಗ್ಸ್ ಮೊದಲಿನ ಹಾಗೆ ಆಗುವುದುಂಟು. ಕಪ್ಪು ವಿಡಿಯೋ, ಬಿಳಿ ಪೇಜ್ ಒಂದರ ಹಿಂದೆ ಒಂದು ತೆರೆದು ನೋಡಿ, ಮತ್ತೆ ಉಸಿರಾಡುತ್ತಿದ್ದರೆ ಅಲ್ಲಿಗೇ ಹೋಗಿ ಆಫ್ ಮಾಡಿ.